ಗೋಡೆ ಮೇಲಿನ ಸುಂದರಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡ್ ಗೋಡೆ ಯಾರಿಗೆ ಸೇರಿದ್ದು ಎಂಬ ತಕರಾರು ಮೈಸೂರಿನ ಈ ಬಡಾವಣೆಯಷ್ಟೇ ಹಳೆಯದು. ನಮ್ಮ ಪತ್ರ ನೋಡಿದರೆ ಗೋಡೆ ನಮ್ಮದು, ಅವರ ಪತ್ರ ನೋಡಿದರೆ ಅವರದು. ಅನುಭೋಗದಲ್ಲಿರುವವಳು ಮಾತ್ರ ಸುಬ್ಬಿ. ಬೆಳಗಿನ ಬಿಸಿಲು ನಮ್ಮ ನುಗ್ಗೆಮರ ದಾಟಿ ಗೋಡೆಗೆ ಬೀಳುವ ಹೊತ್ತಿಗೆ ಅವಳು ಬಂದು ಮೈಚಾಚಿದಳೆಂದರೆ, ಆಚೆಮನೆ ಅಜ್ಜಿ ಸೊಪ್ಪು ಬಿಡಿಸುವುದಕ್ಕೂ ನಾನು ಬಟ್ಟೆ ಒಣಹಾಕುವುದಕ್ಕೂ ಅವಳ ಅಪ್ಪಣೆ ಬೇಕು. ಸೊಪ್ಪಿನ ಮೊರವನ್ನು ಗೋಡೆಯ ಮೇಲಿಡುವ ಹಾಗಿಲ್ಲ. ಇಟ್ಟರೆ ಸುಬ್ಬಿ ಮೊರದೊಳಗೇ ಮಲಗುತ್ತಾಳೆ. ಅಜ್ಜಿ ಅವಳನ್ನು ಎಬ್ಬಿಸುವುದಿಲ್ಲ, ಸೊಪ್ಪನ್ನೇ ಸೆರಗಿಗೆ ಸುರಿದುಕೊಳ್ಳುತ್ತಾರೆ.

ಅಜ್ಜಿ ಮಂಡ್ಯದ ಕಡೆಯವರು. ಅವರ ಬಾಯಲ್ಲಿ ಸುಬ್ಬಿ ಬೆಕ್ಕಲ್ಲ, ಕೊತ್ತಿ. ಇಲಿ ಹಿಡಿಯಲೆಂದು ತಂದ ಕೊತ್ತಿ. ಅದು ಇಲಿ ಹಿಡಿದದ್ದನ್ನು ನಾನಂತೂ ನೋಡಿಲ್ಲ, ಅಜ್ಜಿಯೂ ನೋಡಿರಲಾರರು. ಆದರೂ ಯಾರಾದರೂ ಕೇಳಿದರೆ, "ಇಲಿ ಕಾಟ ಕಣವ್ವ, ಅದ್ಕೇ ಸಾಕಿವ್ನಿ" ಎಂದೇ ಹೇಳುವುದು. ಒಂದು ಪ್ರಾಣಿಯನ್ನು ಅದರ ಚೆಂದಕ್ಕಾಗಿ ಸಾಕಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕೆ ಆ ಕಾಲದವರಿಗೆ ಒಂದು ಬಗೆಯ ನಾಚಿಕೆ. ಹಸು ಹಾಲಿಗೆ, ನಾಯಿ ಕಾವಲಿಗೆ, ಕೋಳಿ ಸಾರಿಗೆ. ಬೆಕ್ಕಿಗೂ ಒಂದು ಉದ್ಯೋಗ ತೋರಿಸಲೇಬೇಕಲ್ಲ!

"ನಡಿಗೆ ನೋಡವ್ವ ನಡಿಗೆಯ," ಎಂದರು ಮೊನ್ನೆ. "ಈ ಮನೆಗೆ ಮೂರ್ ಜನ ಸೊಸೆದೀರು ಬಂದ್ರು. ಒಬ್ಳಿಗಾರ ಇಂಗೆ ನಡೆಯಾಕೆ ಬಂದದಾ?"

ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತುಸು ಜೋರಾಗಿಯೇ ಸದ್ದಾಯಿತು. ಅಜ್ಜಿಗೆ ಕಿವಿ ಮಂದ, ಕೇಳಿಸಲಿಲ್ಲ.

ಗೋಡೆಯ ಮೇಲೆ ಕಳ್ಳರಿಗೆಂದು ಹಿಂದೆ ಯಾರೋ ನೆಟ್ಟ ಗಾಜಿನ ಚೂರುಗಳಿವೆ. ಸುಬ್ಬಿ ಆ ಚೂರುಗಳ ನಡುವೆ ನಡೆಯುವುದನ್ನು ನೋಡಬೇಕು. ಕೆಳಗೆ ನೋಡುವುದೇ ಇಲ್ಲ! ಮುಂಗಾಲನ್ನು ಎಲ್ಲಿಡಬೇಕೆಂದು ಒಮ್ಮೆ ಆರಿಸಿದರೆ ಸಾಕು, ಅದೇ ಬದಿಯ ಹಿಂಗಾಲು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಂದು ಊರುತ್ತದೆ. ನಾಲ್ಕು ಕಾಲಿನ ಪ್ರಾಣಿ ಎರಡು ಹೆಜ್ಜೆಗುರುತಿನಲ್ಲಿ ಗೋಡೆ ದಾಟುತ್ತದೆ. ನಮ್ಮ ಕೊರಳೆಲುಬು ಹೆಗಲಿಗೆ ಗಟ್ಟಿಯಾಗಿ ಬಿಗಿದುಕೊಂಡಿದೆ, ಬೆಕ್ಕಿನದು ಹಾಗಲ್ಲ. ಅದರದು ಪುಟ್ಟ ಎಲುಬು, ಬೇರೆ ಎಲುಬಿಗೆ ಅಂಟದೆ ಸ್ನಾಯುಗಳ ನಡುವೆ ಸುಮ್ಮನೆ ತೇಲಿಕೊಂಡಿದೆ. ಅದರಿಂದಲೇ ಹೆಗಲು ಒಂದಾದ ಮೇಲೊಂದು ಮೇಲೆದ್ದು ಇಳಿಯುವ ಆ ಸೊಗಸು. ಅದರಿಂದಲೇ ತಲೆ ತೂರಿದ ಕಿಂಡಿಯಲ್ಲಿ ಮೈಯೆಲ್ಲ ತೂರಿಸುವ ಆ ಜಾಣತನ. ನಮ್ಮ ಅಡುಗೆಮನೆಯ ಕಿಟಕಿಯ ಸರಳುಗಳಿಗೆ ಇದರ ಅನುಭವ ಚೆನ್ನಾಗಿದೆ.

ಇನ್ನು ಸುಬ್ಬಿಯ ಬಣ್ಣ. ಹೊಟ್ಟೆ, ಎದೆ, ನಾಲ್ಕೂ ಪಾದ ಬಿಳಿ. ಬೆನ್ನಿನ ಮೇಲೆ ಕರಿ ತೇಪೆ, ಅದರ ಪಕ್ಕದಲ್ಲೇ ಕೇಸರಿ ತೇಪೆ. ಮುಖದಲ್ಲಿ ಮೂಗಿನ ನಡುವೆ ಗೆರೆ ಎಳೆದಂತೆ ಒಂದು ಪಾಲು ಕಪ್ಪು, ಇನ್ನೊಂದು ಪಾಲು ಕೇಸರಿ. ನಾನು ಅವಳನ್ನು ಮೊದಲು ನೋಡಿದಾಗ ಗಂಡೋ ಹೆಣ್ಣೋ ಎಂದು ಕೇಳಿದ್ದಕ್ಕೆ ಅಜ್ಜಿ ಬಾಲ ಎತ್ತಿ ನೋಡುವ ಗೋಜಿಗೇ ಹೋಗಲಿಲ್ಲ. "ಮೂರ್ ಬಣ್ಣದ್ದು ಅಂದ್ಮೇಲೆ ಹೆಣ್ಣೇ ಬುಡವ್ವ" ಎಂದರು.

ಅಜ್ಜಿ ಹೇಳಿದ್ದು ಜೀವಶಾಸ್ತ್ರದ ಪಾಠ. ಬೆಕ್ಕಿನ ಕೇಸರಿ ಬಣ್ಣದ ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಆದ್ದರಿಂದ ಅದು ಒಂದೋ ಕೇಸರಿ, ಇಲ್ಲವೇ ಕಪ್ಪು. ಹೆಣ್ಣಿಗೆ ಎರಡು. ಒಂದು ಎಕ್ಸ್ ಕೇಸರಿಯನ್ನೂ ಇನ್ನೊಂದು ಕಪ್ಪನ್ನೂ ಹೊತ್ತಿದ್ದರೆ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಯ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದಕ್ಕೆ ನಿಯಮವಿಲ್ಲ. ಇಲ್ಲಿ ಕೇಸರಿ ಉಳಿಯಿತು, ಅಲ್ಲಿ ಕಪ್ಪು ಉಳಿಯಿತು, ಬಿಳಿ ಬೇರೆ ಜೀನಿನ ಕೊಡುಗೆ. ಹೀಗೆ ಒಂದು ಎಕ್ಸ್ ಮುಚ್ಚಿಕೊಳ್ಳುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಮುಂದಿಟ್ಟರು. ಆ ಕೇಸರಿ ಜೀನು ನಿಖರವಾಗಿ ಯಾವುದು ಎಂದು ಪತ್ತೆಯಾದದ್ದಂತೂ ತೀರಾ ಈಚೆಗೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದವರೂ ಅಮೆರಿಕದ ಸ್ಟ್ಯಾನ್‌ಫರ್ಡಿನವರೂ ಬೇರೆಬೇರೆಯಾಗಿ ಹುಡುಕಿ 2025ರಲ್ಲಿ ಪ್ರಕಟಿಸಿದರು. ಮೂರು ಬಣ್ಣದ ಗಂಡೂ ಇಲ್ಲವೆಂದಲ್ಲ. ಒಂದು ಎಕ್ಸ್ ಹೆಚ್ಚಿಗೆ ಹೊತ್ತು ಹುಟ್ಟುವ ಗಂಡು ಸುಮಾರು 3,000ಕ್ಕೆ ಒಂದಿರಬಹುದೆಂದು ಅಂದಾಜು. ಅಂಥದ್ದಕ್ಕೆ ಸಾಮಾನ್ಯವಾಗಿ ಮಕ್ಕಳಾಗುವುದಿಲ್ಲ.

ಇದನ್ನೆಲ್ಲ ಅಜ್ಜಿಗೆ ವಿವರಿಸುತ್ತಿದ್ದಾಗ ನಮ್ಮ ಮಾಳಿಗೆ ಮನೆಯ ಹುಡುಗ ಮೆಟ್ಟಿಲಿಳಿದು ಬಂದ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮೈಸೂರಿನಲ್ಲಿ ಕೂತು ಮಾಡುವವನು. ಎಂಥ ವಿಷಯಕ್ಕೂ ಮೊಬೈಲಿನಲ್ಲಿ ಅವನ ಬಳಿ ಉತ್ತರವಿರುತ್ತದೆ.

"ಆಂಟಿ, ಮೂರು ಬಣ್ಣದ ಬೆಕ್ಕನ್ನ ಕ್ಲೋನ್ ಮಾಡಿದ್ರೂ ಅದೇ ಬಣ್ಣ ಬರಲ್ಲ ಗೊತ್ತಾ?" ಎಂದ.

ನಿಜ. ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಹುಟ್ಟಿದ್ದು ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ, 2001ರ ಡಿಸೆಂಬರಿನಲ್ಲಿ. ಹೆಸರು ಸಿಸಿ. ಅದರ ಮೂಲಬೆಕ್ಕು ರೇನ್‌ಬೋಗೆ ಸುಬ್ಬಿಯ ಹಾಗೇ ಮೂರು ಬಣ್ಣ. ಜೀನು ಜೀನೂ ಒಂದೇ ಆದರೂ ಸಿಸಿಯ ಮೈಮೇಲೆ ಕೇಸರಿಯ ಸುಳಿವೇ ಇರಲಿಲ್ಲ, ಬಿಳಿಯ ಮೇಲೆ ಕಂದು ಪಟ್ಟೆ ಅಷ್ಟೆ. ಯಾವ ಕೋಶದಿಂದ ಅದನ್ನು ಮಾಡಿದರೋ ಆ ಕೋಶದಲ್ಲಿ ಕೇಸರಿಯ ಎಕ್ಸ್ ಆಗಲೇ ಬಾಗಿಲು ಹಾಕಿಕೊಂಡಿತ್ತು. ದುಡ್ಡು ಸುರಿದು ಲ್ಯಾಬಿನಲ್ಲಿ ಮಾಡಿಸಿದರೂ ಸುಬ್ಬಿಯಂಥ ಇನ್ನೊಬ್ಬ ಸುಬ್ಬಿ ಬರುವುದಿಲ್ಲ.

"ಅದ್ಯಾಕ್ ಮಾಡುಸ್ಬೇಕು? ನಮ್ಮವಳು ವರ್ಸಕ್ಕೆರಡು ಸೂಲು ತಾನೇ ಈಯ್ತಾಳಲ್ಲ," ಎಂದರು ಅಜ್ಜಿ.

ಜಪಾನಿನವರು ಈ ಮೂರು ಬಣ್ಣಕ್ಕೆ ಮರುಳಾದವರು. ಅಂಗಡಿಗಳಲ್ಲಿ ಒಂದು ಕೈ ಎತ್ತಿ ಗಿರಾಕಿಯನ್ನು ಕರೆಯುವ ಪಿಂಗಾಣಿ ಬೆಕ್ಕು ಬಹುಮಟ್ಟಿಗೆ ಇದೇ ಬಣ್ಣದ್ದು. ವಕಾಯಾಮಾ ಪ್ರಾಂತದ ಕಿಶಿ ಎಂಬ ಚಿಕ್ಕ ರೈಲುನಿಲ್ದಾಣಕ್ಕೆ 2007ರಲ್ಲಿ ತಾಮಾ ಎಂಬ ಮೂರು ಬಣ್ಣದ ಹೆಣ್ಣುಬೆಕ್ಕನ್ನೇ ಸ್ಟೇಷನ್ ಮಾಸ್ತರಳನ್ನಾಗಿ ನೇಮಿಸಿದರು. ತಲೆಗೆ ಅಳತೆ ಕೊಟ್ಟು ಹೊಲಿಸಿದ ಟೊಪ್ಪಿಗೆ ಬೇರೆ. ಅವಳನ್ನು ನೋಡಲೆಂದೇ ಜನ ಟಿಕೆಟ್ ಕೊಂಡು ಬಂದರು, ನಷ್ಟದಲ್ಲಿದ್ದ ರೈಲುಮಾರ್ಗ ಚೇತರಿಸಿಕೊಂಡಿತು. 2015ರಲ್ಲಿ ತೀರಿಕೊಂಡ ಮೇಲೆ ಗುಡಿಯನ್ನೂ ಕಟ್ಟಿದರು. ಆ ಹುದ್ದೆಗೆ ಅನಂತರ ಬಂದವರೂ ಬೆಕ್ಕುಗಳೇ.

ಹುಡುಗನ ಬೆಕ್ಕಿನ ವಿಷಯ ಹೇಳಲಿಲ್ಲ. ಅದು ಪರ್ಶಿಯನ್, ಹೆಸರು ಸಿಂಬಾ. ಕೆನೆ ಬಣ್ಣ, ಮೈತುಂಬ ಉದ್ದ ಕೂದಲು. ದಿನಾ ಬಾಚಬೇಕು, ಬಾಚದಿದ್ದರೆ ಜಡೆಗಟ್ಟುತ್ತದೆ. ಮಾರ್ಚ್ ಬಂತೆಂದರೆ ಅದಕ್ಕೆ ಫ್ಯಾನು, ಏಪ್ರಿಲ್ ಬಂತೆಂದರೆ ಎ.ಸಿ. ಬೆಕ್ಕು ಮಾರುವವರ ಭಾಷೆಯಲ್ಲಿ ಪರ್ಶಿಯನ್‌ಗಳಿಗೆ ದರ್ಜೆಗಳಿವೆ: ಡಾಲ್ ಫೇಸ್, ಸೆಮಿ ಪಂಚ್, ಪಂಚ್, ಎಕ್ಸ್‌ಟ್ರೀಮ್ ಪಂಚ್. ಮೂಗು ಒಳಗೆ ಹೋದಷ್ಟೂ ಬೆಲೆ ಮೇಲೆ ಹೋಗುತ್ತದೆ. ಸಿಂಬಾ ಪಂಚ್ ಫೇಸ್. ಹುಡುಗ ಅವನನ್ನು ಮೊದಲ ಸಲ ಹೆಗಲ ಮೇಲೆ ಹೊತ್ತು ಗೋಡೆಯ ಹತ್ತಿರ ತಂದ ದಿನ ಅಜ್ಜಿ ಕನ್ನಡಕ ಏರಿಸಿ ಸಾವಧಾನವಾಗಿ ನೋಡಿದರು.

"ಇದ್ಯಾಕ್ ಮಗಾ, ಓಡ್‌ಬಂದು ಗೋಡೆಗ್ ಗುದ್ಕೊಂಡಂಗದೆ ಮೂತಿ?"

ಹುಡುಗ ಸಿಂಬಾನ ಕಿವಿ ಮುಚ್ಚಿದ.

ನನಗೆ ನಗು ಬಂದರೂ ಅಜ್ಜಿಯ ಕಣ್ಣು ಎಲ್ಲಿ ನೆಟ್ಟಿತೆಂದು ಆಮೇಲೆ ಯೋಚಿಸಿದೆ. ಉದ್ದ ಕೂದಲಿನ ಬಗ್ಗೆ ಅವರು ಏನೂ ಅನ್ನಲಿಲ್ಲ. ಆ ಕೂದಲನ್ನು ಮುಟ್ಟಿ, "ಮಲ್ಲಿಗೆ ದಂಡೆ ಮುಡಿಸ್ಬೋದು" ಎಂದು ಮೆಚ್ಚಿದರು. ಅಳುತ್ತಿರುವಂಥ ಕಣ್ಣಿನ ಬಗ್ಗೆ, ಗೊರಗುಡುವ ಉಸಿರಿನ ಬಗ್ಗೆ ಅವರ ತಕರಾರು. ಹಳೆಯ ಚಿತ್ರಗಳಲ್ಲಿರುವ ಪರ್ಶಿಯನ್ ಬೆಕ್ಕಿಗೆ ಎಲ್ಲ ಬೆಕ್ಕಿಗೂ ಇರುವಂಥ ಮೂಗಿತ್ತು. ಪ್ರದರ್ಶನದ ತೀರ್ಪುಗಾರರು ಗುಂಡುಮುಖಕ್ಕೆ ಬಹುಮಾನ ಕೊಡುತ್ತ ಬಂದರು, ತಳಿ ಬೆಳೆಸುವವರು ಗುಂಡನ್ನು ಇನ್ನಷ್ಟು ಗುಂಡು ಮಾಡುತ್ತ ಹೋದರು. ಕಡೆಗೆ ಮೂಗು ಎರಡು ಕಣ್ಣಿನ ನಡುವೆ ಬಂದು ಕೂತಿತು. ಕಣ್ಣೀರು ಮೂಗಿಗೆ ಇಳಿಯುವ ನಾಳ ಮುದುರಿಕೊಂಡಿತು. ಆದ್ದರಿಂದ ನೀರು ಕೆನ್ನೆಯ ಮೇಲೆ ಹರಿಯುತ್ತದೆ, ದಿನಾ ಒರೆಸಬೇಕು. ನನ್ನನ್ನು ಕೇಳಿದರೆ ಡಾಲ್ ಫೇಸ್ ಪರ್ಶಿಯನ್ ನಿಜಕ್ಕೂ ಚೆಲುವಿನ ಪ್ರಾಣಿ, ಸೋಫಾದ ಮೇಲೆ ಕುಳಿತರೆ ಸೋಫಾಕ್ಕೆ ಘನತೆ ಬರುತ್ತದೆ. ಪಂಚ್ ಫೇಸ್ ನೋಡಿದಾಗ ಮೆಚ್ಚುಗೆಗಿಂತ ಮೊದಲು ಕರ್ಚೀಫು ನೆನಪಾಗುತ್ತದೆ.

ಈ ತಳಿ, ದರ್ಜೆ, ಬಹುಮಾನಗಳ ಗಲಾಟೆ ಬಹಳ ಹಳೆಯದೇನೂ ಅಲ್ಲ. ಹ್ಯಾರಿಸನ್ ವೀರ್ ಎಂಬ ಚಿತ್ರಕಾರ 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ದೊಡ್ಡದಾಗಿ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ. ಯಾವ ಬೆಕ್ಕಿನಲ್ಲಿ ಏನು ಚೆಂದ ಎಂದು ಅಂಕ ಕೊಡುವ ಕ್ರಮವನ್ನು ಬರೆದಿಟ್ಟವನೂ ಅವನೇ. ಇಂದು ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವ ಬಹುಪಾಲು ತಳಿಗಳು ಆಮೇಲಿನ ಸುಮಾರು ಒಂದೂವರೆ ಶತಮಾನದ ಸೃಷ್ಟಿ. ಬೆಕ್ಕು ಮನುಷ್ಯನ ಮನೆಗೆ ಬಂದದ್ದಾದರೋ ಬೇರೆಯೇ ಲೆಕ್ಕ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದು ಸಿಕ್ಕಿದೆ. ಆ ದ್ವೀಪದಲ್ಲಿ ಬೆಕ್ಕು ತಾನಾಗಿ ಇದ್ದ ಪ್ರಾಣಿಯಲ್ಲ, ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಹೋಗಿರಬೇಕು. ಕಣಜವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಕರೆಯದೆ ಬಂದ ನೆಂಟ ಅಂದಿನಿಂದ ಹೋಗಿಲ್ಲ.

ಹಾಗೆ ಬಂದಾಗ ಅದು ಉಟ್ಟಿದ್ದ ಬಟ್ಟೆ ಪಟ್ಟೆಪಟ್ಟೆ. ಇಂದಿಗೂ ನಮ್ಮ ಬೀದಿಯ ಬೂದು ಪಟ್ಟೆಯ ಬೆಕ್ಕು ತೊಟ್ಟಿರುವುದು ಅದನ್ನೇ. ಆ ಪಟ್ಟೆ ಬೆಕ್ಕನ್ನು ಯಾರೂ ಹೊಗಳುವುದಿಲ್ಲ, ಎಲ್ಲ ಕಡೆ ಇದೆಯಲ್ಲ! ಒಂದು ಸಲ ಹತ್ತಿರದಿಂದ ನೋಡಿ. ಒಂದೊಂದು ಕೂದಲಲ್ಲೂ ಕಪ್ಪು, ಹಳದಿ, ಮತ್ತೆ ಕಪ್ಪು. ಕಣ್ಣಿನ ಸುತ್ತ ಬಿಳಿಯ ಅಂಚು, ಕಣ್ಣ ಕೊನೆಯಿಂದ ಕೆನ್ನೆಯತ್ತ ಎಳೆದ ಕಾಡಿಗೆ ಗೆರೆ, ಕೊರಳಿಗೆ ಎರಡೆಳೆ ಸರ, ಕಾಲಿಗೆ ಬಳೆ, ಬಾಲಕ್ಕೆ ಉಂಗುರ. ಇಷ್ಟು ಒಡವೆ ತೊಟ್ಟು ಕಸದ ತೊಟ್ಟಿಯ ಹತ್ತಿರ ನಿಂತಿರುತ್ತದೆ. ಹಣೆಯ ಮೇಲೆ ಮೂರ್ನಾಲ್ಕು ನೆಟ್ಟ ಗೆರೆ. ಇಂಗ್ಲಿಷಿನವರು ಅದನ್ನು ಎಂ ಅಕ್ಷರ ಎನ್ನುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯ ಅಯ್ಯಂಗಾರ್ ಮಾಮಿಯನ್ನು ಕೇಳಿದರೆ ಅನುಮಾನವೇ ಇಲ್ಲ, ಅದು ನಾಮ. ಹಾಲಿನ ಪಾತ್ರೆಯ ಬಳಿ ಅದನ್ನು ಓಡಿಸುವಾಗಲೂ ಮಾಮಿ ಸ್ವಲ್ಪ ಮರ್ಯಾದೆಯಿಂದಲೇ ಓಡಿಸುತ್ತಾರೆ.

ಸಯಾಮೀಸ್ ಬೆಕ್ಕಿನ ಬಗ್ಗೆ ಮಾತ್ರ ನಾನು ಪಕ್ಷಪಾತಿ, ಒಪ್ಪಿಕೊಂಡೇಬಿಡುತ್ತೇನೆ. ನಮ್ಮ ಚಿಕ್ಕಮ್ಮನ ಮಗಳು ಒಂದನ್ನು ಸಾಕಿದ್ದಾಳೆ. ಮೈ ಕೆನೆ, ಮುಖ, ಕಿವಿ, ಪಾದ, ಬಾಲ ಕಾಫಿ ಡಿಕಾಕ್ಷನ್, ಕಣ್ಣು ಆಕಾಶನೀಲಿ. ಈ ಬಣ್ಣಗಾರಿಕೆ ಮಾಡುವುದು ಶಾಖ. ಬಣ್ಣ ತಯಾರಿಸುವ ಕಿಣ್ವ ಅದರ ಮೈಯಲ್ಲಿ ಬಿಸಿ ಇದ್ದ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿದ್ದ ಕಡೆ ಮಾಡುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲೆಲ್ಲೂ ಬೆಚ್ಚಗೆ, ಆದ್ದರಿಂದ ಮರಿಗಳು ಅಚ್ಚ ಬಿಳಿಯಾಗಿ ಹುಟ್ಟುತ್ತವೆ. ಆಮೇಲೆ ಗಾಳಿಗೆ ತಣ್ಣಗಾಗುವ ಕಿವಿತುದಿ, ಮೂಗು, ಪಾದ, ಬಾಲಗಳು ಕಪ್ಪಾಗುತ್ತ ಬರುತ್ತವೆ. ಆಪರೇಷನ್ನಿಗೆಂದು ಹೊಟ್ಟೆಯ ಕೂದಲು ಬೋಳಿಸಿದರೆ ಆ ಜಾಗ ತಣ್ಣಗಾಗಿ, ಹೊಸ ಕೂದಲು ಕಪ್ಪಾಗಿಯೇ ಬರುವುದುಂಟು. ಅದೇ ಬೆಕ್ಕನ್ನು ಮಡಿಕೇರಿಯಲ್ಲಿ ಬೆಳೆಸಿದರೆ ಡಿಕಾಕ್ಷನ್ ಸ್ಟ್ರಾಂಗು, ರಾಯಚೂರಿನಲ್ಲಿ ಬೆಳೆಸಿದರೆ ಲೈಟು.

"ಅಂಗಾರೆ ಅದು ತರ್ಮಾಮೀಟ್ರು," ಎಂದರು ಅಜ್ಜಿ. ಅದಕ್ಕಿಂತ ಚೆನ್ನಾಗಿ ಹೇಳುವುದು ನನಗಂತೂ ಸಾಧ್ಯವಿಲ್ಲ.

ಸಯಾಮಿನವರು, ಅಂದರೆ ಇಂದಿನ ಥಾಯ್ಲೆಂಡಿನವರು, ಬೆಕ್ಕಿನ ಚೆಲುವನ್ನು ಪದ್ಯದಲ್ಲಿ ಬರೆದಿಟ್ಟರು. ಅವರ ಹಳೆಯ ಬೆಕ್ಕುಪುಸ್ತಕಗಳಿಗೆ ತಮ್ರಾ ಮೇವ್ ಎಂದು ಹೆಸರು. ಶುಭಲಕ್ಷಣದ ಬೆಕ್ಕುಗಳು 17 ಬಗೆ, ಅಶುಭದವು 6 ಬಗೆ, ಒಂದೊಂದಕ್ಕೂ ಬಣ್ಣದ ಚಿತ್ರ. ಬೆಳ್ಳಿ ಮಿನುಗುವ ಬೂದುನೀಲಿಯ ಕೊರಾಟ್ ಜೋಡಿಯನ್ನು ಮದುವಣಗಿತ್ತಿಗೆ ಉಡುಗೊರೆ ಕೊಡುವ ಪದ್ಧತಿ ಅಲ್ಲಿತ್ತು. ಇದನ್ನು ಓದಿದಾಗ ನನಗೆ ನಮ್ಮ ಹಿರಿಯರ ಮೇಲೆ ಸ್ವಲ್ಪ ಮುನಿಸು. ಆನೆಗೆ, ಕುದುರೆಗೆ, ಎತ್ತಿಗೆ, ಹೋಗಲಿ ಎಂದರೆ ಹಲ್ಲಿಗೂ ನಮ್ಮಲ್ಲಿ ಶಾಸ್ತ್ರವಿದೆ. ಬೆಕ್ಕಿಗೆ ಸಿಕ್ಕಿದ್ದು ಅಪಶಕುನ ಒಂದೇ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗೆಯ ದಡದಲ್ಲಿ ತಪಸ್ಸಿಗೆ ನಿಂತಂತೆ ನಟಿಸಿ ಇಲಿಗಳನ್ನು ನುಂಗುವ ಬೆಕ್ಕು ಬರುತ್ತದೆ. ಪಂಚತಂತ್ರದಲ್ಲಿ ನ್ಯಾಯ ಕೇಳಲು ಬಂದ ಮೊಲವನ್ನೂ ಹಕ್ಕಿಯನ್ನೂ ಒಟ್ಟಿಗೇ ತಿಂದುಹಾಕುವ ದಧಿಕರ್ಣ. ತೆನಾಲಿ ರಾಮನ ಕಥೆಯಲ್ಲಿ ಬಿಸಿಹಾಲಿಗೆ ಮೂತಿ ಸುಟ್ಟುಕೊಂಡು ಹಾಲು ಕಂಡರೆ ಓಡುವ ಬಡಕಲು. ಗಾದೆಗಳಂತೂ ಕೇಳಲೇಬೇಡಿ, ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳತನದಿಂದ ಹಿಡಿದು ಇಲಿಯ ಪ್ರಾಣಸಂಕಟದವರೆಗೆ ಎಲ್ಲ ಆಪಾದನೆಯೂ ಅದರ ಮೇಲೇ. ಮಹಾಬಲಿಪುರದ ಏಳನೆಯ ಶತಮಾನದ ಮಹಾಶಿಲ್ಪದಲ್ಲಿ ಆ ಕಪಟ ತಪಸ್ವಿ ಬೆಕ್ಕು ಮುಂಗೈ ಮೇಲೆತ್ತಿ ನಿಂತಿದೆ, ಕಾಲಬಳಿ ಇಲಿಗಳು. ಶಿಲ್ಪಿ ಕಪಟವನ್ನು ಕೆತ್ತಲು ಹೊರಟವನು. ಆದರೆ ಆ ಬೆನ್ನಿನ ನೀಟು, ಒಳಸರಿದ ಹೊಟ್ಟೆಯ ಪಕ್ಕೆಲುಬು ನೋಡಿದರೆ, ಅವನ ಮನೆಯ ಗೋಡೆಯ ಮೇಲೂ ಒಬ್ಬ ಸುಬ್ಬಿ ಇದ್ದಿರಬೇಕು ಎಂದು ನನ್ನ ಗುಮಾನಿ.

ಮಾಳಿಗೆಯ ಹುಡುಗನಿಗೆ ಈಗ ಹೊಸ ಆಸೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಗೂಬೆಯ ಹಾಗೆ ದುಂಡು ತಲೆ, ಕಿವಿ ಮುಂದಕ್ಕೆ ಮಡಚಿ ತಲೆಗೆ ಅಂಟಿಕೊಂಡಿದೆ. "ಸ್ಕಾಟಿಶ್ ಫೋಲ್ಡ್, ಆಂಟಿ. ಸಿಂಬಾಗೆ ಜೊತೆ ಆಗುತ್ತೆ."

ನಿಜ ಹೇಳುತ್ತೇನೆ, ನೋಡಿದರೆ ಯಾರಿಗೂ ಮುದ್ದು ಬರಬೇಕು. 1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆಂಗಸ್ ಊರಿನ ಬಳಿಯ ಹೊಲಮನೆಯೊಂದರಲ್ಲಿ ಸೂಸಿ ಎಂಬ ಬಿಳಿ ಬೆಕ್ಕಿಗೆ ಇಂಥ ಕಿವಿ ಇರುವುದನ್ನು ಕುರಿಗಾಹಿಯೊಬ್ಬ ಕಂಡ. ಇಂದಿನ ಸ್ಕಾಟಿಶ್ ಫೋಲ್ಡುಗಳೆಲ್ಲ ಅವಳ ಸಂತತಿ. ಕಿವಿ ಮಡಚಿಕೊಳ್ಳುವುದಕ್ಕೆ ಕಾರಣ ಅದರ ಮೆದುಮೂಳೆಯ ದೋಷ. ಮೆದುಮೂಳೆ ಇರುವುದು ಕಿವಿಯಲ್ಲಿ ಮಾತ್ರವಲ್ಲ, ಕಾಲಿನ ಗೆಣ್ಣು, ಬಾಲದ ಕೀಲು ಎಲ್ಲ ಕಡೆ. ಕೀಲುಗಳು ಬಿಗಿಯುತ್ತವೆ, ಎಲುಬು ಬೆಳೆದು ಅಂಟಿಕೊಳ್ಳುತ್ತದೆ, ಬಾಲ ಬಾಗುವುದಿಲ್ಲ, ಕೆಲವಕ್ಕೆ ನೆಗೆಯುವುದಿರಲಿ ನಡೆಯುವುದೇ ಕಷ್ಟ. ಎರಡೂ ಕಾಲು ಮುಂದೆ ಚಾಚಿ ಬುದ್ಧನಂತೆ ಕೂರುತ್ತದೆ ಎಂದು ಜನ ವಿಡಿಯೋ ಹಾಕುತ್ತಾರಲ್ಲ, ಕೆಲವು ಬೆಕ್ಕುಗಳು ಹಾಗೆ ಕೂರುವುದು ಕಾಲು ನೋಯುತ್ತದೆಂದೇ ಇರಬಹುದು. ಬ್ರಿಟನ್ನಿನ ಮುಖ್ಯ ಬೆಕ್ಕುಸಂಸ್ಥೆ 1970ರ ದಶಕದ ಆರಂಭದಲ್ಲೇ ಈ ತಳಿಯ ನೋಂದಣಿ ನಿಲ್ಲಿಸಿತು. ನೆದರ್‌ಲೆಂಡ್ಸಿನಲ್ಲಿ ಈ ತಳಿ ಬೆಳೆಸುವುದೇ ನಿಷಿದ್ಧ. ನಮ್ಮ ಊರುಗಳಲ್ಲಿ ದುಡ್ಡಿದ್ದರೆ ಸಿಗುತ್ತದೆ.

ಹುಡುಗನಿಗೆ ಇದನ್ನು ಹೇಳಿದೆ. ಅವನು ವಿಡಿಯೋ ನಿಲ್ಲಿಸಿ, ಮತ್ತೊಮ್ಮೆ ಹಾಕಿ, ಈ ಸಲ ಬೆಕ್ಕಿನ ಮುಖ ಬಿಟ್ಟು ಕಾಲು ನೋಡಿದ. ಏನೂ ಅನ್ನಲಿಲ್ಲ.

ಅಜ್ಜಿಯೂ ನೋಡಿದರು. "ಕಿವಿ ನೆಟ್ಟಗಿಲ್ದಿದ್ರೆ ಅದ್ಕೆ ಕ್ವಾಪ ಬಂದದ್ದು ಗೊತ್ತಾಗದೆಂಗೆ?" ಎಂದು ಕೇಳಿದರು. ಇದು ಪಶುವೈದ್ಯರೂ ಎತ್ತುವ ಪ್ರಶ್ನೆ. ಬೆಕ್ಕಿನ ಅರ್ಧ ಮಾತು ಕಿವಿಯಲ್ಲಿದೆ. ಸುಬ್ಬಿ ನನ್ನ ಜೊತೆ ಸಂಬಂಧ ಕಡಿದುಕೊಳ್ಳುವುದೂ ಮತ್ತೆ ಬೆಸೆಯುವುದೂ ಕಿವಿಯಲ್ಲೇ.

ಬೆಂಗಾಲ್ ಎಂಬ ಇನ್ನೊಂದು ತಳಿ ಈಗ ಶ್ರೀಮಂತರ ಮನೆಗಳಲ್ಲಿ ಕಾಣುತ್ತದೆ. ಬಂಗಾರದ ಮೈಮೇಲೆ ಚಿರತೆಯ ಚುಕ್ಕೆ. ಬಂಗಾಳಕ್ಕೂ ಅದಕ್ಕೂ ನೇರ ನಂಟಿಲ್ಲ. ಅಮೆರಿಕದ ಜೀನ್ ಮಿಲ್ ಎಂಬಾಕೆ ಏಷ್ಯಾದ ಚಿರತೆಬೆಕ್ಕನ್ನು ಮನೆಬೆಕ್ಕಿನೊಡನೆ ಕೂಡಿಸಿ ಬೆಳೆಸಿದ್ದು. ಆ ಚಿರತೆಬೆಕ್ಕು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ರಾತ್ರಿ ಓಡಾಡಿಕೊಂಡಿದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿದು ಸಾಕಿದರೆ ಜೈಲು. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳ ಸಾಲಿಗೆ ಸೇರುವ, ಮೈಮೇಲೆ ತುಕ್ಕು ಬಣ್ಣದ ಚುಕ್ಕೆಗಳಿರುವ ಇನ್ನೊಂದು ಕೂಡ ಕರ್ನಾಟಕದಲ್ಲೇ ಇದೆ. ಬೆಳೆದು ನಿಂತದ್ದೂ ಒಂದರಿಂದ ಒಂದೂವರೆ ಕಿಲೋ ತೂಗಿದರೆ ಹೆಚ್ಚು. ಸುಬ್ಬಿಯ ಅರ್ಧ ತೂಕ! ನಮ್ಮ ತೋಟದಲ್ಲೇ ಇರುವ ಈ ಚುಕ್ಕೆಗಳನ್ನು ಅಮೆರಿಕದ ದಾರಿಯಾಗಿ ತರಿಸಿಕೊಂಡು ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಜಾಯಮಾನ. ಯೋಗವನ್ನೂ ಹಾಗೆಯೇ ತರಿಸಿಕೊಂಡೆವಲ್ಲ.

ಕಣ್ಣಿನ ವಿಚಾರ ಬಿಟ್ಟರೆ ಬೆಕ್ಕಿನ ಮಾತು ಮುಗಿಯುವುದಿಲ್ಲ. ಮರಿಗಳೆಲ್ಲ ಹುಟ್ಟುವುದು ನೀಲಿಗಣ್ಣಿನಲ್ಲೇ. ಕೆಲವು ವಾರ ಕಳೆಯುತ್ತ ಹಸಿರು, ಜೇನು, ತಾಮ್ರ, ಯಾವುದು ಬರಬೇಕೋ ಅದು ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಗೆರೆಯಾಗಿದ್ದ ಪಾಪೆ ಕತ್ತಲಾಗುತ್ತಲೇ ಕಣ್ತುಂಬ ಅರಳುತ್ತದೆ. ಆ ಎರಡು ಸ್ಥಿತಿಯ ನಡುವೆ ಅದರ ವಿಸ್ತಾರ 135 ಪಟ್ಟು ವ್ಯತ್ಯಾಸವಾಗುತ್ತದಂತೆ. ನಮ್ಮದು 15 ಪಟ್ಟು. ಹೆಣ್ಣು ನೋಡಲು ಬಂದವರು "ಹುಡುಗಿಗೆ ಬೆಕ್ಕಿನ ಕಣ್ಣು" ಎಂದು ಮೂಗು ಮುರಿದು ಎದ್ದುಹೋದದ್ದನ್ನು ನಾನು ಕಂಡಿದ್ದೇನೆ. ಅಂಥ ಕಣ್ಣು ಸಿಗುವುದಾದರೆ ನಾನು ವರದಕ್ಷಿಣೆ ಕೊಟ್ಟು ತೆಗೆದುಕೊಂಡೇನು.

ಅಜ್ಜಿಯ ತವರಿನಲ್ಲಿ ಒಂದು ಹಾಲುಬಿಳುಪಿನ ಬೆಕ್ಕಿತ್ತಂತೆ. ಎರಡೂ ಕಣ್ಣು ನೀಲಿ. "ಎಷ್ಟ್ ಕೂಗುದ್ರೂ ತಿರುಗಿ ನೋಡ್ತಿರ್ನಿಲ್ಲ, ಅಷ್ಟ್ ಜಂಬ" ಎಂದರು. ಜಂಬ ಅಲ್ಲ ಅಜ್ಜಿ, ಅದಕ್ಕೆ ಕೇಳಿಸುತ್ತಿರಲಿಲ್ಲ ಅನಿಸುತ್ತದೆ ಎಂದೆ. ಪೂರಾ ಬಿಳಿಯ, ನೀಲಿಗಣ್ಣಿನ ಬೆಕ್ಕು ಸಾಮಾನ್ಯವಾಗಿ ಕಿವುಡು ಎಂದು ಡಾರ್ವಿನ್ನನೇ ಬರೆದಿದ್ದಾನೆ. ಮೈಗೆ ಬಣ್ಣ ಕೊಡಬೇಕಾದ ಕೋಶಗಳೇ ಒಳಗಿವಿಗೂ ಬೇಕು. ಅವು ಇಲ್ಲದಿದ್ದರೆ ಮೈ ಬಿಳಿ, ಕಿವಿ ಮಂದ. ಒಂದೇ ಕಣ್ಣು ನೀಲಿಯಾಗಿದ್ದರೆ ಆ ಬದಿಯ ಕಿವಿ ಮಾತ್ರ ಹೋಗಿರುವ ಸಂಭವ ಹೆಚ್ಚು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ ಶಿವನೇ, ಬೈದ್ಬುಟ್ಟಿದ್ನಲ್ಲ ಅದ್ನ" ಎಂದರು.

ಸುಬ್ಬಿಯ ಊಟದ ಬಗ್ಗೆ ಎರಡೇ ಮಾತು. ಶ್ರಾವಣದಲ್ಲಿ ಅಜ್ಜಿ ಪಾಯಸ ಇಟ್ಟರೆ ಅವಳು ಮೂಸಿ, ಮುಖ ತಿರುಗಿಸಿ, ಹಿಂಗಾಲು ಝಾಡಿಸಿ ಹೊರಡುತ್ತಾಳೆ. ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ. ಸಿಹಿ ಗುರುತಿಸುವ ಜೀನು ಅದರಲ್ಲಿ ಕೆಟ್ಟುಕೂತಿದೆ ಎಂದು ಅಮೆರಿಕದ ಮೊನೆಲ್ ಕೇಂದ್ರದವರು 2005ರಲ್ಲಿ ತೋರಿಸಿದರು. ಹಾಲು ಕುಡಿಯುತ್ತದೆ ನಿಜ, ಆದರೆ ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಒಗ್ಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಅಪ್ಪಟ ಮಾಂಸಾಹಾರಿ ಪ್ರಾಣಿಗೆ ಮೊಸರನ್ನ ಹಾಕಿ ಮೈ ಹೊಳೆಯಲಿಲ್ಲ ಎಂದರೆ ಹೇಗೆ? ಸುಬ್ಬಿಯ ಮೈ ಹೊಳೆಯುವುದರ ಗುಟ್ಟು ಭಾನುವಾರದ ಅಜ್ಜಿಮನೆಯ ಕೋಳಿಸಾರಿನಲ್ಲಿದೆ.

ಮೊನ್ನೆ ಹುಡುಗ ಸಿಂಬಾನನ್ನು ಬೆಕ್ಕುಗಳ ಪ್ರದರ್ಶನಕ್ಕೆ ಒಯ್ಯುವ ಯೋಚನೆ ಹೇಳುತ್ತಿದ್ದ. ಅಲ್ಲಿ ತಳಿಯಿಲ್ಲದ ಮನೆಬೆಕ್ಕುಗಳಿಗೂ ಒಂದು ವಿಭಾಗ ಇರುತ್ತದೆ, ಸುಬ್ಬಿಯನ್ನೂ ಕರೆದುಕೊಂಡು ಹೋಗೋಣವೇ ಎಂದು ಕೇಳಿದ. ಅಜ್ಜಿ ವಿಚಾರಿಸಿದರು: ಬೋನಿನಲ್ಲಿ ಕೂರಿಸಬೇಕು, ಯಾರೋ ಬಂದು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬಾಲ ಅಳೆಯುತ್ತಾರೆ, ಗೆದ್ದರೆ ರಿಬ್ಬನ್ನು.

"ಹೆಣ್ಣು ನೋಡೋ ಶಾಸ್ತ್ರ ಕಣ್ಮಗಾ ಅದು. ಬ್ಯಾಡ ಬುಡು, ನಮ್ ಹುಡ್ಗಿ ಆಗ್ಲೇ ಬಾಣಂತಿ," ಎಂದರು.

ಹೌದು, ಅಜ್ಜಿಯ ಸೌದೆ ಮನೆಯಲ್ಲಿ ಈಗ ಮೂರು ಮರಿಗಳಿವೆ. ಎರಡು ನಾಮದ ಪಟ್ಟೆಯವು, ಒಂದು ಮೂರು ಬಣ್ಣದ್ದು. ಮೂರು ಬಣ್ಣದ್ದನ್ನು ನಾನು ಹೇಳಿಟ್ಟಿದ್ದೇನೆ, ಅದಕ್ಕೆ ಯಾರೂ ಕಣ್ಣು ಹಾಕಬೇಡಿ. ಉಳಿದೆರಡು ಬೇಕಾದವರು ಬರಬಹುದು. ದುಡ್ಡು ಬೇಡ, ಪೆಡಿಗ್ರಿ ಕೇಳಬೇಡಿ, ಅಪ್ಪ ಯಾರೆಂದು ಸುಬ್ಬಿಗೂ ಗೊತ್ತಿಲ್ಲ. ಎರಡು ತಿಂಗಳು ತುಂಬುವವರೆಗೆ ತಾಯಿಯಿಂದ ಬಿಡಿಸುವುದಿಲ್ಲ. ಒಯ್ಯುವವರು ಐದು ತಿಂಗಳಾಗುವಷ್ಟರಲ್ಲಿ ಆಪರೇಷನ್ ಮಾಡಿಸುತ್ತೇವೆಂದು ಅಜ್ಜಿಗೆ ಬಾಯಿಮಾತು ಕೊಡಬೇಕು. ಸುಬ್ಬಿಗೂ ಈ ಸೂಲು ಮುಗಿದ ಮೇಲೆ ಮಾಡಿಸುವುದೆಂದು ತೀರ್ಮಾನವಾಗಿದೆ, ಪಶು ಆಸ್ಪತ್ರೆಗೆ ಕರೆದೊಯ್ಯುವ ಬುಟ್ಟಿ ಸಿಂಬಾನದು.